ಸಕಲೇಶಪುರ–ಆಲೂರು ಬೆಟ್ಟಸಾಲಿನಲ್ಲಿ ಸವಾರಿ ಕುದುರೆ ಸಾಕಣೆ: ನೆಲ, ನಿಯಮ, ಯೋಜನೆ

ಹಾಸನ ಜಿಲ್ಲೆಯ ಪಶ್ಚಿಮ ಅಂಚಿನ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಹವ್ಯಾಸಕ್ಕೋ ಪ್ರವಾಸಿಗರ ಸವಾರಿಗೋ ಕುದುರೆ ಸಾಕಲು ಹೊರಟವರು ನೆಲ, ಲಾಯ, ಬೇಲಿ, ದಾರಿ, ಗೊಬ್ಬರ, ಪರವಾನಗಿಗಳನ್ನು ಹೇಗೆ ಯೋಜಿಸಿಕೊಳ್ಳಬೇಕು ಎಂಬುದು ಈ ಲೇಖನದ ವಿಷಯ. ಕಾಫಿ ತೋಟ, ಗದ್ದೆ, ಹುಲ್ಲುಗುಡ್ಡ, ಮೀಸಲು ಅರಣ್ಯಗಳು ಒಂದರೊಳಗೊಂದು ಹೆಣೆದುಕೊಂಡ ಈ ಸೀಮೆಗೆ ಕುದುರೆಗೆಂದೇ ಬರೆದ ಸೂತ್ರವೇನಿಲ್ಲ. ಅನ್ವಯವಾಗುವ ನಿಯಮಗಳು ಕಂದಾಯ, ಅರಣ್ಯ, ಪಂಚಾಯತಿ, ಪಶುಪಾಲನೆ, ಪ್ರವಾಸೋದ್ಯಮ ಎಂದು ಐದಾರು ಕಡೆ ಹಂಚಿಹೋಗಿವೆ. ಹತ್ತು ಕುದುರೆಗಳ ಒಂದು ಲಾಯ ಈ ಎಲ್ಲ ಜರಡಿಗಳಿಂದಲೂ ಸುಲಭವಾಗಿ ಕೆಳಗೆ ಸೋರಿಹೋಗುವಷ್ಟು ಸಣ್ಣದು. ಆದರೆ ಅದು ಕೂರುವ ಇಳಿಜಾರಿಗೂ, ಅದರ ಗಂಜಲ ಸೇರುವ ಹಳ್ಳಕ್ಕೂ ಅದು ಸಣ್ಣದಲ್ಲ.

ಸೀಮೆಯ ಸ್ವರೂಪ

ಎರಡು ತಾಲ್ಲೂಕುಗಳನ್ನು ಒಂದೇ ಮಲೆನಾಡೆಂದು ಹೇಳುವುದು ವಾಡಿಕೆಯಾದರೂ ಕುದುರೆಯ ಮಟ್ಟಿಗೆ ಅವು ಎರಡು ಬೇರೆ ಲೋಕಗಳು. ಸಕಲೇಶಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹಾನಬಾಳು, ಹೆತ್ತೂರು, ಬಿಸಿಲೆ, ಕಾಡುಮನೆಗಳ ಕಡೆ ಸಾಗಿದಂತೆ ಮಳೆ ಏರುತ್ತಲೇ ಹೋಗಿ, ಘಟ್ಟದ ಅಂಚಿನಲ್ಲಿ ಪಟ್ಟಣದ ಮಳೆಯನ್ನು ಬಹುದೂರ ಹಿಂದೆ ಹಾಕುತ್ತದೆ. ಪೂರ್ವಕ್ಕೆ ಆಲೂರು, ಪಾಳ್ಯ, ಮಗ್ಗೆಗಳತ್ತ ಇಳಿದರೆ ಗುಡ್ಡಗಳು ತಗ್ಗಿ, ಮಳೆ ಕಡಿಮೆಯಾಗಿ, ಕಾಫಿಯ ಜೊತೆಗೆ ಭತ್ತ, ಶುಂಠಿ, ಜೋಳದ ಹೊಲಗಳು ಕಾಣಿಸಿಕೊಳ್ಳುತ್ತವೆ. ಒಣ ನೆಲದ ಪ್ರಾಣಿಯಾದ ಕುದುರೆಗೆ ಈ ವ್ಯತ್ಯಾಸವೇ ಮೊದಲ ಮಾನದಂಡ. ವಿಜಯನಗರದ ಅರಸರು ಅರಬ್ಬೀ ಕುದುರೆಗಳನ್ನು ಭಟ್ಕಳದಂಥ ಬಂದರುಗಳಲ್ಲಿ ಇಳಿಸಿಕೊಂಡು ಘಟ್ಟ ಹತ್ತಿಸಿ ಬಯಲಿಗೆ ಸಾಗಿಸಿದರು. ಮಲೆಯ ಮಳೆನಾಡು ಕುದುರೆಯ ದಾರಿಯಾಗಿತ್ತೇ ಹೊರತು ತವರಾಗಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಅಶ್ವಶಾಲೆಯ ಪರಂಪರೆ ಉಳಿದು ಬೆಳೆದದ್ದೂ ಒಣ ಸೀಮೆಯ ಕುಣಿಗಲ್‌ನಲ್ಲಿ.

ಹಾಗೆಂದು ಇಲ್ಲಿ ಕುದುರೆ ಹೆಜ್ಜೆಯೇ ಇಟ್ಟಿರಲಿಲ್ಲವೆಂದಲ್ಲ. ಟಿಪ್ಪು 1792ರ ಹೊತ್ತಿಗೆ ಮುಗಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಾವಲು ಕಾದದ್ದು ಕರಾವಳಿಯಿಂದ ಮೇಲೆ ಬರುವ ದಾರಿಯನ್ನು. 1802ರಲ್ಲಿ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕನ ಮೇಲೆ ಆರ್ಥರ್ ವೆಲ್ಲೆಸ್ಲಿ ದಂಡೆತ್ತಿ ಬಂದದ್ದು ಈ ಕಾಡುಗಳಿಗೇ. ಬಳಿಕ ಬಂದ ಕಾಫಿ ಪ್ಲಾಂಟರುಗಳಿಗೆ ಮಟ್ಟದ ಕುದುರೆಯೇ, ಅಂದರೆ ಪೋನಿಯೇ, ವಾಹನ. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಮಂಜರಾಬಾದಿನಲ್ಲಿ ನೆಲೆನಿಂತು, 1894ರಲ್ಲಿ ಮೈಸೂರಿನ ಚಿನ್ನ, ಶಿಕಾರಿ, ಕಾಫಿ ಕೃಷಿಗಳ ಕುರಿತು ಬರೆದ ಪುಸ್ತಕದಲ್ಲಿ ಈ ಸೀಮೆಯ ಹುಲ್ಲುಗುಡ್ಡಗಳನ್ನು ಬಹಳವಾಗಿ ಮೆಚ್ಚಿಕೊಂಡಿದ್ದಾನೆ. ಅದೇ ಎಲಿಯಟ್ ಸ್ಕಾಟ್ಲೆಂಡಿನ ತನ್ನ ಜಮೀನಿನಲ್ಲಿ ಮಾಡಿದ ಪ್ರಯೋಗಗಳ ಆಧಾರದ ಮೇಲೆ, ಆಳಕ್ಕೆ ಬೇರಿಳಿಸುವ ಹುಲ್ಲು ಮತ್ತು ಗಿಡಮೂಲಿಕೆಗಳನ್ನು ಸರದಿಯಲ್ಲಿ ಬೆಳೆದು ಮಣ್ಣನ್ನು ಕಟ್ಟುವ ಪದ್ಧತಿಯನ್ನು 1898ರಲ್ಲಿ ಪ್ರಕಟಿಸಿದ. ಸಾವಯವ ಕೃಷಿಕರು ಇಂದಿಗೂ ಅದನ್ನು ಓದುತ್ತಾರೆ. ಮಂಜರಾಬಾದಿನ ಹುಲ್ಲು ನೋಡಿದವನೇ ಹುಲ್ಲಿನ ಶಾಸ್ತ್ರ ಬರೆದದ್ದು ಈ ಜಿಲ್ಲೆಯಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ.

ರಕ್ಷಣೆಯ ಪದರಗಳು

ಯುನೆಸ್ಕೊ 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಬಿಸಿಲೆಯ ನೆರೆಯ ಪುಷ್ಪಗಿರಿ ಅಭಯಾರಣ್ಯ ಅದರಲ್ಲಿತ್ತು. ಕಸ್ತೂರಿರಂಗನ್ ಕಾರ್ಯಪಡೆ 2013ರಲ್ಲಿ ಶಿಫಾರಸು ಮಾಡಿದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಹಾಸನ ಜಿಲ್ಲೆಯ ಪಾಲಿನಲ್ಲಿ ಹೆಚ್ಚಿನ ಹಳ್ಳಿಗಳು ಸಕಲೇಶಪುರ ತಾಲ್ಲೂಕಿನವು. ಕೇಂದ್ರ ಸರ್ಕಾರ 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಬಂದು, 2024ರ ಜುಲೈ 31ರಂದು ಆರನೆಯದನ್ನು ಪ್ರಕಟಿಸಿತು. ಎರಡೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ತೋಟಗಾರರಲ್ಲಿ ಈ ಕರಡಿನ ಬಗ್ಗೆ ಇರುವ ಭಯ ದೊಡ್ಡದು. ಕುದುರೆ ಸಾಕುವವನಿಗೆ ಮಾತ್ರ ಅದರಲ್ಲಿ ಹೆದರಲು ಏನೂ ಇಲ್ಲ. ಅದು ತಡೆಯುವುದು ಗಣಿ, ಕ್ವಾರಿ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡಗಳನ್ನು. ಸಾವಿರ ಚದರ ಅಡಿಯ ಲಾಯ ಅದರ ಕಣ್ಣಿಗೇ ಬೀಳುವುದಿಲ್ಲ. ಬೆಟ್ಟದ ನೆಲಕ್ಕೆ ಬರುವ ಕುತ್ತು ಸಾಮಾನ್ಯವಾಗಿ ಇಂಥ ಕಟ್ಟಡಗಳಿಗೆಂದು ಗುಡ್ಡಕ್ಕೆ ಹಾಕುವ ಸಣ್ಣ ಸಣ್ಣ ಕಡಿತಗಳಿಂದಲೇ ಎಂಬುದನ್ನು ನೆನೆದರೆ ಇದು ನೆಮ್ಮದಿಯ ವಿಷಯವೇನಲ್ಲ.

ನಿಜವಾದ ಹಿಡಿತ ಇರುವುದು ಹಳೆಯ ಕಾಯ್ದೆಗಳಲ್ಲಿ. ಮೀಸಲು ಅರಣ್ಯದೊಳಗೆ ಜಾನುವಾರು ಮೇಯಿಸುವುದನ್ನು ಅರಣ್ಯ ಕಾಯ್ದೆ ನಿಷೇಧಿಸುತ್ತದೆ. ಅದರ ಲೆಕ್ಕದಲ್ಲಿ ಕುದುರೆ, ಮರಿ, ಹೇಸರಗತ್ತೆಗಳೂ ಜಾನುವಾರುಗಳೇ. ಕಾಗಿನಹರೆ, ಕಂಚನಕುಮಾರಿ, ಕಬ್ಬಿನಾಲೆ, ಬಿಸಿಲೆ ಅರಣ್ಯಗಳಿಗೆ ತಾಗಿಕೊಂಡ ತೋಟದವರು ಇದನ್ನು ಗಮನದಲ್ಲಿಡಬೇಕು. ಅಭಯಾರಣ್ಯದಿಂದ ಐದು ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ರೋಗನಿರೋಧಕ ಲಸಿಕೆ ಹಾಕಿಸುವ ಏರ್ಪಾಡು 1972ರ ವನ್ಯಜೀವಿ ಕಾಯ್ದೆಯ 33ಎ ಕಲಮಿನಲ್ಲಿದ್ದು, ಪುಷ್ಪಗಿರಿಯ ನೆರೆಗೆ ಅದು ಅನ್ವಯಿಸುತ್ತದೆ. ಇದರ ಮೇಲೆ ಮಲೆನಾಡಿನ ಬಗೆಹರಿಯದ ತಲೆನೋವುಗಳು ಬೇರೆ: ಮೀಸಲು ಅರಣ್ಯ ಮಾಡುವ ಇರಾದೆ ಸಾರುವ ಸೆಕ್ಷನ್ 4 ಅಧಿಸೂಚನೆ, ಅರಣ್ಯವೆಂದು ಪರಿಗಣಿಸಲಾದ ಡೀಮ್ಡ್ ಫಾರೆಸ್ಟ್, ಸಾಗುವಳಿಗೆ ಯೋಗ್ಯವಲ್ಲವೆಂದು ವರ್ಗೀಕರಿಸಿದ ‘ಸಿ ಅಂಡ್ ಡಿ’ ಜಮೀನು. ಪಹಣಿಯಲ್ಲಿ ಹೆಸರಿದ್ದರೂ ಕೆಳಗೆ ಇನ್ನೊಂದು ಇಲಾಖೆಯ ಹಕ್ಕು ಮಲಗಿರಬಹುದಾದ ನೆಲ ಇದು. ಲಾಯಕ್ಕೆ ಕಲ್ಲು ಇಳಿಸುವ ಮೊದಲು ಸರ್ವೆ ನಂಬರಿನ ಹಣೆಬರಹವನ್ನು ಕಂದಾಯ ಮತ್ತು ಅರಣ್ಯ, ಎರಡೂ ಕಚೇರಿಗಳಲ್ಲಿ ಓದಿಸಿಕೊಳ್ಳುವುದು ಲೇಸು.

ಮೇವು ಕೃಷಿ, ಸವಾರಿ ವ್ಯಾಪಾರ

ಕರ್ನಾಟಕ ಭೂಸುಧಾರಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹುಲ್ಲು ಬೆಳೆಯುವುದು, ಜಾನುವಾರು ತಳಿಸಾಕಣೆ, ಮೇಯಿಸುವುದು ಕೃಷಿಯೊಳಗೇ ಬರುತ್ತವೆ. ಆದ್ದರಿಂದ ಸ್ವಂತ ಹಿಡುವಳಿಯಲ್ಲಿ ಕುದುರೆ ಮೇಯಿಸುವವನನ್ನು ಯಾರೂ ಕೇಳುವಂತಿಲ್ಲ. ಗಂಟೆಗಿಷ್ಟು ಎಂದು ಟಿಕೆಟ್ ಕೊಟ್ಟು ಸವಾರಿ ಮಾಡಿಸಿ, ಕಾರು ನಿಲ್ಲಿಸಲು ಜಾಗ ಮಾಡಿ, ತಂಗಲು ಕೋಣೆ ಕಟ್ಟಿದರೆ ನೆಲದ ಬಳಕೆಯೇ ಬದಲಾಗುತ್ತದೆ. ಆಗ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಬೇಕು. ಅದೇ ಕಲಂ ಕೃಷಿಕನಿಗೆ ತನ್ನ ಹಿಡುವಳಿಯ ಶೇ. 10ರ ಮಿತಿಯಲ್ಲಿ ಕೃಷಿ ಕಟ್ಟಡ ಕಟ್ಟಿಕೊಳ್ಳಲು ಬಿಟ್ಟಿದೆ. ಆದರೆ ಆ ಸಲಿಗೆ ಬೇಸಾಯಕ್ಕೆ, ಬಾಡಿಗೆಗೆ ಅಲ್ಲ. ಕಟ್ಟಡಕ್ಕೆ ಗ್ರಾಮ ಪಂಚಾಯತಿಯ ಅನುಮತಿ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಬೇರೆಯಾಗಿಯೇ ಬೇಕು. ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯಲ್ಲಿ. ಹೋಂಸ್ಟೇ ಪತ್ರ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಲಾಯಕ್ಕೂ ಒಪ್ಪಿಗೆ ಸಿಕ್ಕಿತೆಂದು ತಿಳಿಯಬಾರದು.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ನ್ಯಾಯಾಲಯದಲ್ಲಿ ಇತ್ಯರ್ಥವಾಗಿದೆ. ಜಿಗಿತದ ಸ್ಪರ್ಧೆಗೆಂದು ಕುದುರೆ ಬೆಳೆಸುವುದು ಕೃಷಿಯಲ್ಲ ಎಂದು 1962ರ ಒಂದು ತೀರ್ಪು ಹೇಳಿತು. ಹುಲ್ಲುಗಾವಲಿನಲ್ಲಿ ಕುದುರೆ ಮೇಯುತ್ತಿದ್ದರೆ ಅದು ಕೃಷಿ, ಅಲ್ಲೇ ಕಟ್ಟಿ ದಾಣಿ ಹಾಕಿ ಸವಾರಿಗೆ ಇಟ್ಟುಕೊಂಡರೆ ಬಳಕೆಯ ಬದಲಾವಣೆ ಎಂಬ ಗೆರೆಯನ್ನು ಅಲ್ಲಿನ ರಕ್ಷಿತ ಭೂದೃಶ್ಯಗಳ ಆಡಳಿತಗಳು ಇಂದಿಗೂ ಬಳಸುತ್ತವೆ. ಲಾಯ ಎಲ್ಲಿ ಕೂರಬೇಕು, ಚಾವಣಿಗೆ ಯಾವ ಬಣ್ಣ, ರಾತ್ರಿ ದೀಪ ಎಷ್ಟು ಎಂಬಷ್ಟು ಸಣ್ಣ ವಿವರಕ್ಕೂ ಅಲ್ಲಿ ಮಾರ್ಗದರ್ಶಿ ಇದೆ. ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಹುಲ್ಲು ನೆಲ ಬೇಕೆಂಬ ಅವರ ಲೆಕ್ಕವನ್ನು ನಮ್ಮವರು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಅಲ್ಲಿ ವರ್ಷವಿಡೀ ಹನಿಯುವ ಮಳೆ ಇಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ.

ಗೋಮಾಳದ ಮಾತು ಬೇರೆ. ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಕಾದಿರಿಸಬೇಕೆಂದು ಭೂಕಂದಾಯ ನಿಯಮಗಳು ಹೇಳುತ್ತವೆ. ಅದು ಊರ ದನಕ್ಕೆ. ವಾರಾಂತ್ಯದ ಅತಿಥಿಗಳಿಗೆಂದು ತಂದ ಕುದುರೆಯನ್ನು ಅಲ್ಲಿಗೆ ಬಿಟ್ಟರೆ ಕಾನೂನಿಗಿಂತ ಮೊದಲು ಊರೇ ಮುನಿಯುತ್ತದೆ, ಮುನಿಯುವುದು ನ್ಯಾಯವೂ ಹೌದು.

ಎರಡು ಬದಲಾವಣೆಗಳು ಈಚೆಗೆ ಕುದುರೆಯ ಆಸೆಗೆ ಇಂಬು ಕೊಟ್ಟಿವೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವ ದಾರಿ ತೆರೆಯಿತು. 2024ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಸಾಕಣೆ ಉದ್ಯಮಕ್ಕೆ ಶೇ. 50ರ ಬಂಡವಾಳ ಸಹಾಯಧನವನ್ನು 50 ಲಕ್ಷ ರೂಪಾಯಿವರೆಗೆ ಕೊಡಲು ಕೇಂದ್ರ ಸಂಪುಟ ಒಪ್ಪಿತು. ಸಹಾಯಧನದ ಅರ್ಜಿಯಲ್ಲಿ ಇಳಿಜಾರಿನ ಪ್ರಶ್ನೆ ಕೇಳುವವರಿಲ್ಲ.

ಜಾಗದ ಆಯ್ಕೆ

ಲಾಯಕ್ಕೆ ಹೊಸದಾಗಿ ಗುಡ್ಡ ಕಡಿಯಬಾರದು. 2018ರ ಆಗಸ್ಟಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ ಭೂಕುಸಿತಗಳಿಂದ ವಾರಗಟ್ಟಲೆ ಮುಚ್ಚಿತು. 2024ರ ಜುಲೈನಲ್ಲಿ ದೋಣಿಗಾಲ್ ಬಳಿ ಹೆದ್ದಾರಿ 75ರ ಮೇಲೆ ಮಣ್ಣು ಜಾರಿತು. ಎರಡೂ ಕಡೆ ಇಳಿಜಾರನ್ನು ಕಡಿದಿದ್ದ ನೆಲವೇ ಇತ್ತು. ಜೆಸಿಬಿ ತಂದು ಅರ್ಧ ದಿನದಲ್ಲಿ ಮಟ್ಟ ಮಾಡಿದ ಅಂಗಳದ ಮೇಲ್ಬದಿಯ ಬರೆ ಎರಡನೆಯದೋ ಮೂರನೆಯದೋ ಮುಂಗಾರಿಗೆ ಇಳಿದು ಬರುತ್ತದೆ. ಹಡ್ಲು ಬಿದ್ದ ಗದ್ದೆ ಮಟ್ಟವಾಗಿ ಕಾಣಿಸುತ್ತದಾದರೂ ಅದು ನೀರು ನಿಲ್ಲುವ ನೆಲ. ಅಲ್ಲಿ ಕುದುರೆ ಕಟ್ಟಿದರೆ ಗೊರಸು ಕೊಳೆಯುತ್ತದೆ.

ಉಳಿದ ಆಯ್ಕೆ ತೋಟದೊಳಗೆ ಆಗಲೇ ಮಟ್ಟವಾಗಿರುವ ಜಾಗ: ಹಳೆಯ ದನದ ಕೊಟ್ಟಿಗೆ, ಖಾಲಿ ಬಿದ್ದ ಲೈನ್ ಮನೆ, ಗೋದಾಮು, ಕಾಫಿ ಕಣ. ಕಣದ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳುವಂಥದ್ದು. ಕುದುರೆಗೆ ಗಟ್ಟಿ ನೆಲ ಅತ್ಯಗತ್ಯವಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಣ ತುಂಬಿರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಎರಡೂ ಋತುಗಳು ಒಂದಕ್ಕೊಂದು ಅಡ್ಡಬರುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಲಾಳ ಜಾರುತ್ತದೆ, ಆದ್ದರಿಂದ ದಪ್ಪ ಮರಳೋ ರಬ್ಬರ್ ಹಾಸೋ ಬೇಕು. ಆದರೆ ಲದ್ದಿ ಬಿದ್ದ ನೆಲದಲ್ಲೇ ಮತ್ತೆ ಕಾಫಿ ಒಣಗಿಸುವುದನ್ನು ಯಾವ ಖರೀದಿದಾರನೂ ಒಪ್ಪಲಾರ. ಯಂತ್ರದಲ್ಲಿ ಒಣಗಿಸಲು ಶುರುಮಾಡಿದ ಮೇಲೆ ಪೂರ್ತಿ ಬಿಟ್ಟುಬಿಟ್ಟ ಕಣ, ಇಲ್ಲವೆ ಗೋಡೆ ಹಾಕಿ ಬೇರೆ ಮಾಡಿದ ಒಂದು ಮೂಲೆ ಇದಕ್ಕೆ ತಕ್ಕದ್ದು.

ಕುದುರೆಯೊಂದಕ್ಕೆ ಹನ್ನೆರಡು ಅಡಿ ಚದರದ ಕೋಣೆ, ಎತ್ತರದ ಸೂರು, ಗಾಳಿಯಾಡುವ ಕಿಂಡಿ ಬೇಕು. ಚಾವಣಿಗೆ ಹೆಂಚು ಮೇಲು. ನೀಲಿ ತಗಡು ಹತ್ತು ಮೈಲಿ ದೂರದ ಪಾಂಡವರ ಗುಡ್ಡದಿಂದಲೂ ಕಣ್ಣಿಗೆ ಚುಚ್ಚುತ್ತದೆ, ಮಳೆ ಬಡಿದಾಗ ಅದರ ಸದ್ದಿಗೆ ಕುದುರೆ ನಿಂತಲ್ಲಿ ನಿಲ್ಲುವುದಿಲ್ಲ.

ಮೇವು

400 ಕಿಲೋ ತೂಕದ ಕುದುರೆಗೆ ದಿನಕ್ಕೆ ಒಣ ಲೆಕ್ಕದಲ್ಲಿ 8ರಿಂದ 10 ಕಿಲೋ ಮೇವು ಬೇಕು. ಮಳೆಗಾಲದ ನಾಲ್ಕು ತಿಂಗಳಿಗೇ ತಲೆಗೆ ಒಂದು ಟನ್ನಿಗಿಂತ ಹೆಚ್ಚು ಒಣಹುಲ್ಲನ್ನು ಬೂಷ್ಟು ಹಿಡಿಯದಂತೆ ಅಟ್ಟದಲ್ಲಿ ಕೂಡಿಟ್ಟಿರಬೇಕು. ಎಷ್ಟು ಕುದುರೆ ಸಾಕಬಹುದೆಂಬುದನ್ನು ನಿರ್ಧರಿಸಬೇಕಾದ್ದು ಈ ಅಟ್ಟದ ಅಳತೆ, ಶನಿವಾರ ಬರುವ ಕಾರುಗಳ ಸಂಖ್ಯೆಯಲ್ಲ. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣಗಳ ಕಡೆಯ ರಾಗಿಹುಲ್ಲು ಅದಕ್ಕಿಂತ ಮೇಲು. ನೆನೆಹಾಕಿದ ಅಥವಾ ಬೇಯಿಸಿದ ಹುರುಳಿ ನಮ್ಮ ಲಾಯಗಳ ಹಳೆಯ ದಾಣಿ.

ಹೈನುಗಾರರು ಗದ್ದೆಯಂಚಿನಲ್ಲಿ ಬೆಳೆಯುವ ನೇಪಿಯರ್ ಹುಲ್ಲೇ ಕೈಗೆ ಸಿಗುವ ಹಸಿರು ಮೇವಾದ್ದರಿಂದ ಅದರ ಬಗ್ಗೆ ಎಚ್ಚರ ಹೇಳಲೇಬೇಕು. ಅದರಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಮೆಲುಕು ಹಾಕುವ ಹಸು ಅದನ್ನು ಹೊಟ್ಟೆಯಲ್ಲೇ ಬಹುಮಟ್ಟಿಗೆ ಕರಗಿಸಿಕೊಳ್ಳುತ್ತದೆ. ಕುದುರೆಗೆ ಆ ಸೌಲಭ್ಯವಿಲ್ಲ. ತಿಂಗಳುಗಟ್ಟಲೆ ಅದನ್ನೇ ತಿಂದ ಕುದುರೆಯ ಮುಖದ ಮೂಳೆ ಊದಿ, ಕಾಲು ಕುಂಟುತ್ತದೆ. ಸೆಟೇರಿಯಾ ಹುಲ್ಲಿನದೂ ಇದೇ ಕಥೆ. ಬೇಲಿಯ ಲಂಟಾನ, ಗುಡ್ಡದ ಜರೀಗಿಡಗಳಲ್ಲಿ ಕೆಲವು ವಿಷವೇ. ಕಾಫಿ ಸಿಪ್ಪೆ ರಾಶಿಗಟ್ಟಲೆ ಬಿಟ್ಟಿ ಸಿಗುತ್ತದೆಂದು ಲಾಯಕ್ಕೆ ಹಾಸುವುದೂ ಸಲ್ಲ, ಕುದುರೆ ಅದನ್ನು ಬಾಯಾಡಿಸಿದರೆ ಕೆಫೀನ್ ಮೈಸೇರುತ್ತದೆ. ಬೋರ್ಡೋ ಸಿಂಪಡಿಸಿದ ತೋಟದೊಳಗಿನ ಹುಲ್ಲನ್ನಂತೂ ಮುಟ್ಟಿಸಬಾರದು.

ಲದ್ದಿ, ನೀರು, ರೋಗ

ಹತ್ತು ಕುದುರೆಗಳಿಂದ ವರ್ಷಕ್ಕೆ ಅರವತ್ತು ಟನ್ನಿನ ಆಸುಪಾಸು ಲದ್ದಿ ಬರುತ್ತದೆ. ಕಾಫಿ ತೋಟಕ್ಕೆ ಗೊಬ್ಬರ ಎಂದೂ ಹೆಚ್ಚಾಗುವುದಿಲ್ಲ, ಆ ಮಟ್ಟಿಗೆ ಇದು ಲಾಭ. ತೊಂದರೆ ಇರುವುದು ತೆರೆದ ತಿಪ್ಪೆಯ ಮೇಲೆ ಮಳೆ ಬಿದ್ದಾಗ. ಈ ಗುಡ್ಡಗಳ ಒಂದು ಮಗ್ಗುಲಿನ ನೀರು ಹೇಮಾವತಿ ಸೇರಿ ಗೊರೂರು ಜಲಾಶಯಕ್ಕೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ಕೆಂಪುಹೊಳೆ, ಕುಮಾರಧಾರೆಗಳ ಮೂಲಕ ಕರಾವಳಿಗೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕ ಮೇಲೆ ಪಶ್ಚಿಮದ ಕೆಲವು ಹಳ್ಳಗಳ ನೀರು ಬಯಲುಸೀಮೆಯ ಕುಡಿಯುವ ನೀರೂ ಆಗಲಿದೆ. ಗೊಬ್ಬರದ ಗುಂಡಿಗೆ ಚಾವಣಿ ಇರಬೇಕು, ಹಳ್ಳದಿಂದ ದೂರವಿರಬೇಕು, ಲಾಯ ತೊಳೆದ ನೀರು ತೋಟದ ಗುಂಡಿಯಲ್ಲಿ ಇಂಗಬೇಕು. ಲದ್ದಿ ಬಿಸಿಯೇರಿ ಚೆನ್ನಾಗಿ ಕಳಿತರೆ ಹೊರಗಿನ ಮೇವಿನ ಜೊತೆ ಬಂದ ಕಳೆಬೀಜ ಸಾಯುತ್ತದೆ. ಹಸಿ ಲದ್ದಿಯನ್ನು ಹುಲ್ಲುಗುಡ್ಡದ ಮೇಲೆ ಬೀಳಿಸುತ್ತ ಸವಾರಿ ಹೋದರೆ ಅದೇ ಬೀಜ ಅಲ್ಲಿ ಮೊಳೆಯುತ್ತದೆ. ಜಂತುಹುಳಕ್ಕೆ ಐವರ್ಮೆಕ್ಟಿನ್ ಕೊಟ್ಟ ಕೆಲವು ದಿನ ಕುದುರೆಯನ್ನು ಹೊರಗೆ ಬಿಡದಿರುವುದು ಸಗಣಿ ಹುಳುಗಳ ದೃಷ್ಟಿಯಿಂದ ಒಳ್ಳೆಯದು.

ಇಂಬಳ, ಉಣ್ಣೆ, ಕಚ್ಚುವ ನೊಣಗಳು ಇಲ್ಲಿ ಯಥೇಚ್ಛ. ದೊಡ್ಡ ನೊಣಗಳಿಂದ ಹರಡುವ ಸರ್ರಾ ಕುದುರೆಯನ್ನು ಕೊಲ್ಲಬಲ್ಲ ರೋಗ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವಂಥದ್ದು. 2009ರ ಪ್ರಾಣಿರೋಗ ನಿಯಂತ್ರಣ ಕಾಯ್ದೆಯಡಿ ಅದನ್ನು ವರದಿ ಮಾಡುವುದು ಕಡ್ಡಾಯ, ರೋಗ ಖಚಿತವಾದ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಹೊರಗಿನಿಂದ ತಂದ ಕುದುರೆಯ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆಯೇ ಕಟ್ಟಬೇಕು. ಲಾಯದಲ್ಲಿ ಕೆಲಸ ಮಾಡುವವರಿಗೆ ಧನುರ್ವಾಯು ಲಸಿಕೆ ಬೇಕೇ ಬೇಕು. ಹಸು ನೋಡುವ ವೈದ್ಯರು ಊರೂರಿಗೆ ಸಿಗುತ್ತಾರೆ, ಕುದುರೆಯ ಹೊಟ್ಟೆನೋವು ಬಲ್ಲವರು ಅಪರೂಪ. ಹಾಸನದ ಪಶುವೈದ್ಯಕೀಯ ಕಾಲೇಜೇ ಹತ್ತಿರದ ಆಸರೆ. ಲಾಳ ಕಟ್ಟುವವರನ್ನಂತೂ ಮೈಸೂರು, ಬೆಂಗಳೂರುಗಳಿಂದಲೇ ಕರೆಸಬೇಕಾದೀತು.

ಆನೆ

ಮೇಲಿನದೆಲ್ಲವನ್ನೂ ಸರಿಯಾಗಿ ಮಾಡಿದರೂ ಯೋಜನೆಯನ್ನು ತಲೆಕೆಳಗು ಮಾಡಬಲ್ಲದ್ದು ಆನೆ. ಆಲೂರು–ಸಕಲೇಶಪುರದ ಆನೆಗಳು ಹಗಲು ತೋಟದೊಳಗೇ ನಿಂತು ರಾತ್ರಿ ಗದ್ದೆಗಿಳಿಯುತ್ತವೆ. ಹೈಕೋರ್ಟಿನ ಆದೇಶದಂತೆ ರಚನೆಯಾಗಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ಆಲೂರು ಸುತ್ತಿನ ಆನೆಗಳನ್ನು ಹಿಡಿದು ತೆರವುಗೊಳಿಸಲು ಹೇಳಿತು. 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದಾಯಿತು. ಕೆಲವೇ ವರ್ಷಗಳಲ್ಲಿ ಜಾಗ ಮತ್ತೆ ತುಂಬಿತು. ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೆಂಬ ಸಾಕಾನೆ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ.

ಹುರುಳಿ, ಬೂಸಾ, ಬೆಲ್ಲ, ಉಪ್ಪು ಇರುವ ಉಗ್ರಾಣದ ವಾಸನೆ ಆನೆಯನ್ನು ದೂರದಿಂದ ಕರೆಯುತ್ತದೆ. ದಾಣಿಯನ್ನು ಲಾಯದ ಪಕ್ಕದಲ್ಲಿಡದೆ, ಜನವಿರುವ ಕಟ್ಟಡದ ಒಳಗೆ ಮುಚ್ಚಳ ಬಿಗಿದ ಡ್ರಮ್ಮಿನಲ್ಲಿಡಬೇಕು. ಆನೆ ಲಾಯದ ಗೋಡೆಗೆ ಒರಗಿದ ರಾತ್ರಿ ಕಟ್ಟಿಹಾಕಿದ ಕುದುರೆ ತನ್ನನ್ನೇ ಗಾಯ ಮಾಡಿಕೊಳ್ಳುತ್ತದೆ, ಆದ್ದರಿಂದ ಹಗ್ಗದಲ್ಲಿ ಕಟ್ಟದೆ ಕೋಣೆಯೊಳಗೆ ಬಿಡುವುದು ಕ್ಷೇಮ. ಬೇಲಿ ತೋಟದ ಗಡಿಗೆ ಬೇಡ, ಕುದುರೆ ಅಡ್ಡಾಡುವ ಅರ್ಧ ಎಕರೆ ಒಂದು ಎಕರೆಯ ಸುತ್ತ ಸಾಕು. ಗಡಿಗೆಲ್ಲ ಸೋಲಾರ್ ಬೇಲಿ ಎಳೆದವನು ಆನೆಯನ್ನು ಪಕ್ಕದ ಬಡವನ ಗದ್ದೆಗೆ ಅಟ್ಟುತ್ತಾನೆ, ಅಷ್ಟೆ. ಮುಳ್ಳುತಂತಿ ಕುದುರೆಯ ಕಾಲನ್ನು ಸೀಳುತ್ತದೆ, ಸಿಲ್ವರ್ ಓಕ್‌ನ ಅಡ್ಡಗಳು ಆಗಬಹುದು.

ಸವಾರಿಯ ವೇಳೆ ಬೆಳಿಗ್ಗೆ ಎಂಟರ ಮೇಲೆ, ಸಂಜೆ ನಾಲ್ಕರೊಳಗೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಕ್ಷೇತ್ರ ಸಿಬ್ಬಂದಿ ಕಳಿಸುವ ಸಂದೇಶ ನೋಡದೆ ಗೇಟು ದಾಟಬಾರದು. ಮಂಜಿನ ಮುಂಜಾವಿನ ಸವಾರಿ ಜಾಹೀರಾತಿಗೆ ಚೆಂದ. ತೋಟದ ಕೆಲಸಗಾರರೇ ಆ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಹೋಗುವುದಿಲ್ಲ.

ದಾರಿ ಮತ್ತು ಸಂಖ್ಯೆ

ಗೊರಸಿನ ಕೆಳಗೆ ನೆಲ ಏನಾಗುತ್ತದೆಂಬುದಕ್ಕೆ ಇದೇ ಘಟ್ಟಸಾಲಿನ ಮಾಥೇರಾನ್ ಸಾಕ್ಷಿ. ಮಹಾರಾಷ್ಟ್ರದ ಆ ಗಿರಿಧಾಮವನ್ನು 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಮೋಟಾರು ವಾಹನಗಳಿಗೆ ನಿಷೇಧವಿದ್ದ ಅಲ್ಲಿ ಸಾಗಾಟ ನಡೆದದ್ದು ಬಹುಪಾಲು ನೂರಾರು ಕುದುರೆಗಳ ಮೇಲೆ. ಕೆಂಪು ಮಣ್ಣಿನ ದಾರಿಗಳು ಬೇಸಿಗೆಯಲ್ಲಿ ದೂಳಾಗಿ, ಮಳೆಯಲ್ಲಿ ಕೊಚ್ಚಿಹೋಗಿ, ಕೊನೆಗೆ ಇಟ್ಟಿಗೆ ಹಾಸು ಹಾಕಬೇಕೇ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಊಟಿಯಲ್ಲಿ ಸವಾರಿ ಮುಗಿದ ಕುದುರೆಗಳು ರಸ್ತೆಗೆ ಬೀಳುವುದು ಹಳೆಯ ದೂರು.

ಸಕಲೇಶಪುರದಲ್ಲಿ ಸವಾರಿಗೆ ಯೋಗ್ಯವಾದದ್ದು ತೋಟದೊಳಗಿನ ಜೀಪ್ ರಸ್ತೆ. ಗುಡ್ಡದ ನೆತ್ತಿಯ ಹುಲ್ಲು ಆಗಲೇ ಆಫ್‌ರೋಡ್ ಜೀಪುಗಳಿಂದ ಸವೆದಿದೆ, ಕುದುರೆಯನ್ನೂ ಅಲ್ಲಿಗೆ ಹತ್ತಿಸಬೇಕಾಗಿಲ್ಲ. ಮುಂಗಾರಿನಲ್ಲಿ ಸವಾರಿ ಪೂರ್ತಿ ನಿಲ್ಲಬೇಕು. ಕೆಲಸದ ಪ್ರಾಣಿಗಳಿಗೆ ಸಂಬಂಧಿಸಿದ 1965ರ ನಿಯಮಗಳು ದಿನಕ್ಕೆ ಒಂಬತ್ತು ಗಂಟೆ, ಒಂದೇ ಸಮನೆ ಐದು ಗಂಟೆಯ ಮಿತಿ ಹಾಕಿ, ಮಟ್ಟದ ಕುದುರೆಯ ಹೇರಿಗೆ 70 ಕಿಲೋ ಎಂದಿವೆ. ಅವು ಗಾಡಿ ಮತ್ತು ಹೇರಿನ ಪ್ರಾಣಿಗಳಿಗೆಂದು ಬರೆದವು. ಏರುದಾರಿಯ ಸವಾರಿಗೆ ಆ ಗಂಟೆಗಳ ಅರ್ಧವೇ ಹೆಚ್ಚು.

ಈ ಲೇಖಕನ ಅಭಿಪ್ರಾಯದಲ್ಲಿ ಹೆತ್ತೂರು–ಬಿಸಿಲೆ ಕಡೆ ಲಾಯ ಬೇಡವೇ ಬೇಡ. ಆಲೂರಿನ ಒಣ ಮಗ್ಗುಲಿನಲ್ಲಿ, ಇಪ್ಪತ್ತು ಎಕರೆಗೆ ಕಡಿಮೆಯಿಲ್ಲದ ತೋಟದಲ್ಲಿ, ಎರಡರಿಂದ ನಾಲ್ಕು ಕುದುರೆ ಸಾಕಬಹುದು. ಒಂದೇ ಕುದುರೆಯನ್ನು ಒಂಟಿಯಾಗಿ ಇಡುವುದೂ ತಪ್ಪು, ಅದು ಹಿಂಡಿನ ಪ್ರಾಣಿ.

ಕೊನೆಯ ಲೆಕ್ಕ ಆಯುಸ್ಸಿನದು. ಹೆಚ್ಚಾಗಿ ಅಗ್ಗಕ್ಕೆ ಸಿಗುವುದು ಓಟ ಬಿಟ್ಟ ರೇಸ್ ಕುದುರೆ. ಆರೇಳು ವರ್ಷಕ್ಕೆ ನಿವೃತ್ತಿಯಾಗಿ ಇಪ್ಪತ್ತೈದರವರೆಗೂ ಬದುಕಬಲ್ಲದು. ಅದರ ತೆಳು ಚರ್ಮ, ಸೂಕ್ಷ್ಮ ಗೊರಸು ಈ ಮಳೆಗೆ ಹೇಳಿಮಾಡಿಸಿದ್ದಲ್ಲ. ದೇಶೀ ಮಟ್ಟದ ಕುದುರೆಯೇ ವಾಸಿ. ಹೋಂಸ್ಟೇ ವ್ಯಾಪಾರ ಐದು ವರ್ಷಕ್ಕೆ ಕೈಬದಲಾಗುವುದು ಇಲ್ಲಿ ಸಾಮಾನ್ಯ. ಹಾಗಾಗಿ ಪಂಚಾಯತಿ ಅನುಮತಿ ಕೊಡುವಾಗ ಕೇಳಬಹುದಾದ ಷರತ್ತುಗಳು ಎರಡಿವೆ: ವ್ಯಾಪಾರ ನಿಂತರೆ ಕುದುರೆಯನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬುದನ್ನು ಅವರ ಒಪ್ಪಿಗೆ ಪತ್ರದೊಂದಿಗೆ ಮೊದಲೇ ಬರೆಸಿಕೊಳ್ಳುವುದು, ಮತ್ತು ಸತ್ತರೆ ಹೂಳಲು ನೀರಿನ ಸೆಲೆಯಿಂದ ದೂರದ ಜಾಗವನ್ನು ನಕ್ಷೆಯಲ್ಲೇ ಗುರುತಿಸಿಕೊಳ್ಳುವುದು.